ಸದಾ ಸುಸ್ತು, ಕೂದಲು ಉದುರುತ್ತಿದೆ: ಇದು ಥೈರಾಯ್ಡಾ?

ಪ್ರಶ್ನೆ: ಕೆಲವು ತಿಂಗಳಿಂದ ತುಂಬಾ ಸುಸ್ತು. ತಲೆ ಬಾಚಿದರೆ ಕೂದಲು ಕೈಗೆ ಬರುತ್ತದೆ. ತೂಕವೂ ಏರಿದೆ. ಎಲ್ಲರೂ ‘ಥೈರಾಯ್ಡ್ ಇರಬೇಕು’ ಅನ್ನುತ್ತಾರೆ. ನಮಗೇ ಗೊತ್ತಾಗುವುದು ಹೇಗೆ?

ಉತ್ತರ: ಇರಬಹುದು. ಆದರೆ ನೀವು ಹೇಳಿದ ಮೂರರಲ್ಲಿ ಒಂದೂ ಥೈರಾಯ್ಡಿಗೆ ಮಾತ್ರ ಸೇರಿದ್ದಲ್ಲ. ರಕ್ತ ಕಡಿಮೆ ಇದ್ದರೂ, ನಿದ್ದೆ ಕೆಟ್ಟರೂ, ಮನಸ್ಸು ಕುಗ್ಗಿದರೂ ಹೀಗೇ ಆಗುತ್ತದೆ. ಹಾಗಾಗಿ ಒಂದೊಂದನ್ನೇ ಹಿಡಿದು ಕೂರಬೇಡಿ. ಮೈಯಲ್ಲಿ ಹಲವು ಕೆಲಸ ಒಟ್ಟಿಗೇ ನಿಧಾನವಾಗಿವೆಯಾ, ಇಲ್ಲ ಒಟ್ಟಿಗೇ ಜೋರಾಗಿವೆಯಾ? ಅದನ್ನು ನೋಡಿ. ಹಳೆಯ ನಿಮಗೂ ಈಗಿನ ನಿಮಗೂ ಹೋಲಿಸಿ ನೋಡಿ, ಪಕ್ಕದವರ ಜೊತೆ ಅಲ್ಲ.

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದ ಸಣ್ಣ ಗ್ರಂಥಿ ಇದೆ, ಅದೇ ಥೈರಾಯ್ಡ್. ಅದು ಬಿಡುವ ಟಿ4, ಟಿ3 ಹಾರ್ಮೋನುಗಳು ಹೃದಯ, ಕರುಳು, ಚರ್ಮ, ಮೆದುಳು ಎಲ್ಲದರ ವೇಗವನ್ನೂ ತಿದ್ದುತ್ತವೆ. ಅದಕ್ಕೇ ಲಕ್ಷಣಗಳು ಮೈತುಂಬ ಹರಡಿರುತ್ತವೆ.

ಹಾರ್ಮೋನು ಕಡಿಮೆಯಾದರೆ ಚಳಿ ತಡೆಯುವುದಿಲ್ಲ. ಉಳಿದವರು ಫ್ಯಾನ್ ಹಾಕಿ ಅಂದಾಗ ನಿಮಗೆ ಹೊದಿಕೆ ಬೇಕು. ಮಲಬದ್ಧತೆ ಶುರುವಾಗುತ್ತದೆ. ಚರ್ಮ ಒಣಗುತ್ತದೆ, ಬೆಳಿಗ್ಗೆ ಮುಖ ಊದಿಕೊಂಡಿರುತ್ತದೆ, ದನಿ ಸ್ವಲ್ಪ ಗಡಸಾಗುತ್ತದೆ. ನಾಡಿ ನಿಧಾನ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ. ಹೇಳಬೇಕಾದ ಮಾತು ಬಾಯಿಗೆ ಬಂದು ಮರೆತುಹೋಗುತ್ತದೆ. ಇದೆಲ್ಲ ತಿಂಗಳುಗಟ್ಟಲೆ ಮೆಲ್ಲಗೆ ಸೇರಿಕೊಳ್ಳುವುದರಿಂದ ‘ವಯಸ್ಸಾಯ್ತು ಅಲ್ವಾ’ ಅಂತ ಸುಮ್ಮನಾಗುವವರೇ ಹೆಚ್ಚು.

ತೂಕದ ವಿಷಯದಲ್ಲಿ ಮಾತ್ರ ಥೈರಾಯ್ಡಿನ ಮೇಲೆ ಸುಮ್ನೆ ಅಪವಾದ ಜಾಸ್ತಿ. ಅದರಿಂದ ಏರುವುದು ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು, ನೀರು. ಹದಿನೈದು ಕಿಲೋ ಏರಿದ್ದರೆ ಬೇರೆ ಕಾರಣವನ್ನೂ ಹುಡುಕಬೇಕು.

ಹಾರ್ಮೋನು ಜಾಸ್ತಿಯಾದರೆ ಕಥೆ ತಿರುಗುಮುರುಗು. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ಸುಮ್ನೆ ಕೂತಿದ್ದರೂ ಎದೆ ಡವಡವ. ಸೆಕೆ, ಬೆವರು, ಪದೇಪದೇ ಮಲವಿಸರ್ಜನೆ, ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು. ಕೈ ಮುಂದೆ ಚಾಚಿ ಬೆರಳು ಅಗಲಿಸಿ, ಮೇಲೊಂದು ತೆಳು ಕಾಗದ ಇಟ್ಟು ನೋಡಿ. ಕಣ್ಣಿಗೆ ಕಾಣದ ನಡುಕ ಕಾಗದದ ಅಂಚಿನಲ್ಲಿ ಕಾಣುತ್ತದೆ. ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದೂ ಉಂಟು. ಇದನ್ನೆಲ್ಲ ಬರೀ ಟೆನ್ಷನ್ ಅಂದುಕೊಂಡು ಕಾಲ ಕಳೆಯುವವರಿದ್ದಾರೆ. ವಯಸ್ಸಾದವರಲ್ಲಿ ಇಷ್ಟೆಲ್ಲ ಕಾಣಿಸದೇ ಇರಬಹುದು. ತೂಕ ಇಳಿಯುವುದು, ನಾಡಿ ತಾಳ ತಪ್ಪುವುದು, ಅಷ್ಟೇ.

ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಇದ್ದರೆ, ಹೆರಿಗೆಯಾಗಿ ಒಂದು ವರ್ಷದೊಳಗಿದ್ದರೆ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಅಥವಾ ಹೃದಯದ ತಾಳ ಸರಿಪಡಿಸುವ ಅಮಿಯೊಡರೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಗ ಪರೀಕ್ಷೆ ಮಾಡಿಸಿ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆಯಿದ್ದರೆ ಕಾಯಲೇಬೇಡಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನನ್ನು ನಂಬಿಕೊಂಡು.

ಲಕ್ಷಣ ಅನುಮಾನ ಹುಟ್ಟಿಸುತ್ತದೆ ಅಷ್ಟೇ, ಖಾತ್ರಿ ಮಾಡುವುದು ರಕ್ತಪರೀಕ್ಷೆ. ಮೊದಲು ನೋಡುವುದು ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು. ರಿಪೋರ್ಟ್ ಓದುವಾಗ ಎಡವುವುದು ಇಲ್ಲೇ. ಟಿಎಸ್‌ಎಚ್ ಥೈರಾಯ್ಡಿನದಲ್ಲ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯದು. ಥೈರಾಯ್ಡ್ ಮಂದವಾದರೆ ಪಿಟ್ಯುಟರಿ ‘ಕೆಲಸ ಮಾಡು’ ಅಂತ ಜೋರು ಮಾಡುತ್ತದೆ. ಅಂದರೆ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನು ಸಾಲುತ್ತಿಲ್ಲ ಅಂತ ಅರ್ಥ, ಜಾಸ್ತಿಯಾಗಿದೆ ಅಂತಲ್ಲ. ವಯಸ್ಕರಿಗೆ ಸುಮಾರು 0.4ರಿಂದ 4ರವರೆಗೆ ಮಾಮೂಲು, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಗರ್ಭಿಣಿಯರ ಲೆಕ್ಕ ಬೇರೆ. ಕೊಂಚವೇ ಏರಿದ್ದರೆ ವೈದ್ಯರು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಅದು ಉದಾಸೀನವಲ್ಲ, ಎಷ್ಟೋ ಸಲ ತಾನಾಗೇ ಇಳಿಯುತ್ತದೆ.

ಇನ್ನೊಂದು ಮಾತು, ನಿಮಗೇ ಬೇಕಾದದ್ದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಅದು ಲೆಕ್ಕ ತಪ್ಪಿಸುತ್ತದೆ. ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂತ ಸುಳ್ಳು ರಿಪೋರ್ಟ್ ಬರಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ವೈದ್ಯರನ್ನು ಕೇಳಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ನೋಡಿಸಿ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಸುಸ್ತು, ಕೂದಲು ಉದುರುವುದು ಜೊತೆಯಾಗಿ ಬರುತ್ತವೆ.

ಕನ್ನಡಿ ಮುಂದೆ ನಿಂತು, ಗಲ್ಲ ಸ್ವಲ್ಪ ಎತ್ತಿ, ಒಂದು ಗುಟುಕು ನೀರು ನುಂಗಿ. ಕುತ್ತಿಗೆಯ ಬುಡದಲ್ಲಿ ಗಂಟು ಮೇಲೆದ್ದು ಇಳಿದರೆ ವೈದ್ಯರಿಗೆ ತೋರಿಸಿ, ಟಿಎಸ್‌ಎಚ್ ಸರಿಯಿದ್ದರೂ. ಗಂಟು ಬೇಗ ಬೆಳೆಯುತ್ತಿದ್ದರೆ, ದನಿ ಬದಲಾಗಿದ್ದರೆ, ನುಂಗಲು ಕಷ್ಟವಾದರೆ ಅದೇ ವಾರ ಹೋಗಿ. ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.