ಸಣ್ಣ ಊರಿನ ವಿಮಾನ, ದೂರದ ಮಾಲೀಕ

ವಿಮಾನ ಹತ್ತುವಾಗ ಬಾಗಿಲ ಚೌಕಟ್ಟಿನತ್ತ ಒಮ್ಮೆ ಕಣ್ಣು ಹಾಯಿಸಿ. ಕೆಲವು ವಿಮಾನಗಳಲ್ಲಿ ಲೋಹದ ಸಣ್ಣ ಫಲಕವೊಂದು ಕಾಣುತ್ತದೆ: ಈ ವಿಮಾನ ಇಂಥವರದ್ದು, ಇಂಥ ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದೇವೆ ಎಂದು. ಮಾಲೀಕರ ಜಾಗದಲ್ಲಿ ಇರುವುದು ಟಿಕೆಟ್ ಮೇಲಿನ ಹೆಸರಲ್ಲ. ಐರ್ಲೆಂಡಿನದೋ ದುಬೈನದೋ ಲೀಸಿಂಗ್ ಕಂಪನಿ, ಇಲ್ಲವೇ ಹೂಡಿಕೆದಾರರ ಪರವಾಗಿ ಕಾಗದದ ಮೇಲೆ ಮಾಲೀಕನಾಗಿರುವ ಟ್ರಸ್ಟ್. ಎಂಜಿನ್‌ಗಳ ಮೇಲೂ ಇಂಥದೇ ಫಲಕ ಹಾಕಬೇಕೆಂದು ಕರಾರಿನಲ್ಲಿ ಬರೆದಿರುತ್ತಾರೆ. ಎಂಜಿನ್ ಬಿಚ್ಚಿ ಬೇರೆ ವಿಮಾನಕ್ಕೆ ಜೋಡಿಸಬಹುದಲ್ಲ, ವಿಮಾನದ ಬೆಲೆಯ ದೊಡ್ಡ ಪಾಲೂ ಅದರದೇ.

ನಮ್ಮಲ್ಲಿ ಮೊದಲು ಹೀಗಿರಲಿಲ್ಲ. 1953ರ ರಾಷ್ಟ್ರೀಕರಣದ ಮೇಲೆ ವಿಮಾನಯಾನವೆಂದರೆ ಸರ್ಕಾರದ್ದೇ. ಸಣ್ಣ ಊರುಗಳಿಗೆಂದು 1981ರಲ್ಲಿ ಶುರುವಾದ ವಾಯುದೂತ್ ಕೂಡ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್‌ಗಳ ಜಂಟಿ ಕೂಸು; ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಡಾರ್ನಿಯರ್ ಎಂಬ ಸಣ್ಣ ವಿಮಾನಗಳನ್ನು ಅದು ಹಾರಿಸುತ್ತಿತ್ತು. ಹೊರಗಡೆ ಅಷ್ಟರಲ್ಲಾಗಲೇ ಬೇರೆ ದಂಧೆ ಬೇರೂರಿತ್ತು. 1975ರಲ್ಲಿ ಐರ್ಲೆಂಡಿನ ಶ್ಯಾನನ್‌ನಲ್ಲಿ ಟೋನಿ ರಯಾನ್ ಅವರು ಏರ್ ಲಿಂಗಸ್ ಜೊತೆಗೂಡಿ ವಿಮಾನಗಳನ್ನು ಬಾಡಿಗೆಗೆ ಕೊಡುವ ಗಿನ್ನೆಸ್ ಪೀಟ್ ಏವಿಯೇಷನ್ ಕಟ್ಟಿದರು. 1992ರಲ್ಲಿ ಅದರ ಷೇರು ಬಿಡುಗಡೆ ನೆಲಕಚ್ಚಿತಾದರೂ, ಅಲ್ಲಿ ಪಳಗಿದವರು ಮುಂದೆ ಕಟ್ಟಿದ ಕಂಪನಿಗಳಿಂದ ಐರ್ಲೆಂಡ್ ಲೀಸಿಂಗ್‌ನ ರಾಜಧಾನಿಯೇ ಆಯಿತು.

ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಎಟಿಆರ್ ವಿಮಾನಗಳನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿದರಲ್ಲ, ಅದು ಸಾಧ್ಯವಾದದ್ದು ಈ ಬಾಡಿಗೆ ಪೇಟೆಯಿಂದಲೇ. ಹೊಸ ವಿಮಾನ ಕೊಳ್ಳಲು ನೂರಾರು ಕೋಟಿ ಬೇಕು. ಬಾಡಿಗೆಗಾದರೆ ಕೆಲವು ತಿಂಗಳ ಠೇವಣಿ ಸಾಕು, ಬೆಂಗಳೂರಿನ ಮನೆಗೆ ಅಡ್ವಾನ್ಸ್ ಕೊಟ್ಟ ಹಾಗೆ. ಆದರೆ ಟಿಕೆಟ್ ದುಡ್ಡು ರೂಪಾಯಿಯಲ್ಲಿ ಬರುತ್ತದೆ, ಬಾಡಿಗೆ ಡಾಲರ್‌ನಲ್ಲಿ ಹೋಗುತ್ತದೆ. ಅದರ ಮೇಲೆ ಮುಂದಿನ ದೊಡ್ಡ ರಿಪೇರಿಗೆಂದು, ಹಾರಿದ ಗಂಟೆಗಿಷ್ಟು ಅಂತ ಮಾಲೀಕನ ಬಳಿ ಕಟ್ಟುತ್ತಿರಬೇಕು. ರೂಪಾಯಿ ಕುಸಿದರೆ ಸೀಟು ತುಂಬಿದ್ದರೂ ಲೆಕ್ಕ ಹರಿಯುವುದಿಲ್ಲ.

ಬಾಡಿಗೆ ನಿಂತಾಗ ವಿಮಾನ ವಾಪಸ್ ಪಡೆಯುವುದು ಹೇಗೆ? 2001ರ ಕೇಪ್‌ಟೌನ್ ಅಂತರರಾಷ್ಟ್ರೀಯ ಒಪ್ಪಂದ ಇದಕ್ಕೆಂದೇ ಹುಟ್ಟಿದ್ದು. ಭಾರತ 2008ರಲ್ಲಿ ಅದನ್ನು ಸೇರಿತು, ದೇಶದೊಳಗೆ ಅದಕ್ಕೊಂದು ಪ್ರತ್ಯೇಕ ಕಾಯ್ದೆ ಮಾತ್ರ ಮಾಡಲಿಲ್ಲ. ಏರ್ ಡೆಕ್ಕನ್ನನ್ನು ನುಂಗಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಾಗ ಆ ಅಸಡ್ಡೆಯ ಬೆಲೆ ಗೊತ್ತಾಯಿತು. ಇಲ್ಲಿನ ನೋಂದಣಿ ರದ್ದಾಗದೆ ವಿಮಾನ ದೇಶ ಬಿಡುವಂತಿಲ್ಲ; ಅದಕ್ಕಾಗಿ ಮಾಲೀಕರು ದೆಹಲಿ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. 2015ರಲ್ಲಿ ನಿಯಮ ಬಿಗಿಯಾಯಿತು: ಮಾಲೀಕ ಕೇಳಿದ ಐದು ಕೆಲಸದ ದಿನಗಳೊಳಗೆ ನೋಂದಣಿ ರದ್ದಾಗಬೇಕು.

ಅದನ್ನೂ ಮೀರಿಸುವ ಗಂಟು ದಿವಾಳಿ ಸಂಹಿತೆಯಲ್ಲಿತ್ತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ಗೋ ಫಸ್ಟ್ ಪ್ರಾದೇಶಿಕ ಸಂಸ್ಥೆಯಲ್ಲ, ನಿಜ. ಆದರೆ ಸಣ್ಣವರಿಗೂ ಪಾಠವಾದ ಪ್ರಕರಣ ಅದೇ. ಸಾಲಗಾರನ ವಶದಲ್ಲಿರುವ ಯಾವುದನ್ನೂ ಯಾರೂ ಮುಟ್ಟಬಾರದೆಂಬ ತಡೆಯ ಅಡಿಯಲ್ಲಿ ಬೇರೆಯವರ 54 ವಿಮಾನಗಳು ಸಿಕ್ಕಿಬಿದ್ದವು. ಅಕ್ಟೋಬರ್‌ನಲ್ಲಿ ಸರ್ಕಾರ ವಿಮಾನಗಳಿಗೆ ಆ ತಡೆಯಿಂದ ವಿನಾಯಿತಿ ಕೊಟ್ಟಿತು. ಆದರೂ ನೋಂದಣಿ ರದ್ದುಮಾಡಿ ಎಂಬ ಹೈಕೋರ್ಟ್ ಆದೇಶ ಬಂದದ್ದು 2024ರ ಏಪ್ರಿಲ್‌ನಲ್ಲಿ. ಹೆಚ್ಚುಕಡಿಮೆ ಒಂದು ವರ್ಷ ವಿಮಾನಗಳು ನಿಂತಲ್ಲೇ ಸವೆದವು. ಕೇಪ್‌ಟೌನ್ ಒಪ್ಪಂದಕ್ಕೆ ಕಾಯ್ದೆಯ ಬಲ ಸಿಕ್ಕಿದ್ದು ಕೊನೆಗೆ 2025ರ ಏಪ್ರಿಲ್‌ನಲ್ಲಿ, ಹದಿನೇಳು ವರ್ಷ ತಡವಾಗಿ.

ಬಾಡಿಗೆ ಕೊಡುವವರೂ ಮುಳುಗದವರೇನಲ್ಲ. ಹುಬ್ಬಳ್ಳಿ, ಕಲಬುರಗಿಯಂಥ ಊರುಗಳನ್ನು ಬೆಂಗಳೂರಿಗೆ ಬೆಸೆದ ಸ್ಟಾರ್ ಏರ್ ತನ್ನ ಎಂಬ್ರೇಯರ್ 175 ವಿಮಾನಗಳನ್ನು ಪಡೆದದ್ದು ನಾರ್ಡಿಕ್ ಏವಿಯೇಷನ್ ಕ್ಯಾಪಿಟಲ್‌ನಿಂದ. ಪ್ರಾದೇಶಿಕ ವಿಮಾನಗಳ ಬಾಡಿಗೆಯಲ್ಲಿ ದೊಡ್ಡ ಹೆಸರಾದ ಆ ಕಂಪನಿ ಕೋವಿಡ್ ಹೊಡೆತಕ್ಕೆ 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ರಕ್ಷಣೆ ಕೇಳಿತ್ತು. ಚೇತರಿಸಿಕೊಂಡ ಮೇಲೆ 2025ರಲ್ಲಿ ದುಬೈ ಏರೋಸ್ಪೇಸ್ ಎಂಟರ್‌ಪ್ರೈಸ್ ಎಂಬ ಇನ್ನೊಂದು ಲೀಸಿಂಗ್ ಕಂಪನಿಯ ಪಾಲಾಯಿತು. ಇಲ್ಲಿನ ಪ್ರಯಾಣಿಕರಿಗೆ ಇದಾವುದರ ಸುಳಿವೂ ಸಿಕ್ಕಿರಲಾರದು.

ಸರ್ಕಾರಿ ಕಂಪನಿಯ ವಿಮಾನ ಪೂರ್ತಿ ಮರೆಯಾಗಿಲ್ಲ. ಅಲಯನ್ಸ್ ಏರ್ 2022ರ ಏಪ್ರಿಲ್‌ನಲ್ಲಿ ಅಸ್ಸಾಂನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಹಾರಿಸಿದ್ದು ಎಚ್‌ಎಎಲ್‌ನ ಡಾರ್ನಿಯರ್. ಅದೂ ಗುತ್ತಿಗೆಯದೇ, ಒಂದು ಸರ್ಕಾರಿ ಸಂಸ್ಥೆ ಇನ್ನೊಂದಕ್ಕೆ ಕೊಟ್ಟದ್ದು.

ಹೊಸ ಕಾಯ್ದೆಯಿಂದ ಬಾಡಿಗೆ ಇಳಿಯುತ್ತದೆ ಎಂಬುದು ಸರ್ಕಾರದ ವಾದ. ದೊಡ್ಡ ಸಂಸ್ಥೆಗಳಿಗೆ ಇಳಿದೀತು. ಎರಡು ಮೂರು ವಿಮಾನದ ಕಂಪನಿಯ ಮಾತು ಬೇರೆ: ಬಾಡಿಗೆ ಕೊಡುವವನು ದೇಶದ ಕಾನೂನಿನ ಜೊತೆಗೆ ಕಂಪನಿಯ ಲೆಕ್ಕಪತ್ರವನ್ನೂ ನೋಡುತ್ತಾನೆ. ಅಲ್ಲಿ ಒಂದು ವಿಮಾನ ಕೈಬಿಟ್ಟರೂ ಅರ್ಧ ವೇಳಾಪಟ್ಟಿಯೇ ಹೋದಂತೆ.