ಚಿತ್ರ ಕಾಣುತ್ತದೆ, ವಿಡಿಯೊ ಓಡುವುದಿಲ್ಲ

ಕೊಪ್ಪಳದ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ಇತ್ತು. ಮೇಡಂ ಒಬ್ಬರು ತುಂಗಭದ್ರಾ ಡ್ಯಾಮಿನ ಗೇಟುಗಳ ಬಗ್ಗೆ ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡ್ ಶೋ, ಮಾಡಿಕೊಂಡು ಬಂದಿದ್ದರು. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಅದರ ಮರುದಿನ ಮುನಿರಾಬಾದ್ ಕಡೆಯಿಂದ ಅವರೇ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಅದರಲ್ಲಿತ್ತು. ಪರದೆಯ ಮೇಲೆ ನೀರು ನುಗ್ಗುವ ಚಿತ್ರ ಬಂತು. ಕ್ಲಿಕ್ ಮಾಡಿದರು. ಚಿತ್ರ ಅಲ್ಲಾಡಲಿಲ್ಲ.

“ನಿನ್ನಿ ರಾತ್ರಿ ಮನ್ಯಾಗ ಚೊಲೋ ಓಡಿತ್ತು ರೀ ಸರ,” ಎಂದರು ಮೇಡಂ.

“ಇವತ್ತ ಅಮಾಸಿ ಐತಿ ರೀ. ಏನ್ ಮಾಡಿದ್ರೂ ಆಗೂದಿಲ್ಲ, ಬಿಡ್ರಿ,” ಎಂದರು ಹಿಂದೆ ಕುಳಿತಿದ್ದ ಹಿರಿಯ ಮೇಷ್ಟ್ರು. ಒಬ್ಬರು ಪ್ರೊಜೆಕ್ಟರ್ ಕೆಟ್ಟಿದೆ ಎಂದರು. ಇನ್ನೊಬ್ಬರು ವೈರಸ್ ಎಂದರು.

ನನಗೆ ನಿಜಕ್ಕೂ ಬೇಜಾರಾಯಿತು. ಮಕ್ಕಳಿಗೆ ಕಾರಣ ಹುಡುಕುವುದನ್ನು ಕಲಿಸುವವರು ನಾವು. ಅಮಾವಾಸ್ಯೆ ಎಂದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ಹುಣ್ಣಿಮೆಯ ದಿನ ಹಚ್ಚಿದ್ದರೂ ಆ ವಿಡಿಯೊ ಓಡುತ್ತಿರಲಿಲ್ಲ. ಯಾಕೆಂದರೆ ಅದು ಮೇಡಂ ತಂದಿದ್ದ ಪೆನ್ ಡ್ರೈವ್‌ನಲ್ಲಿ ಇರಲೇ ಇಲ್ಲ.

ಪಿಪಿಟಿಗೆ ವಿಡಿಯೊ ಸೇರಿಸಲು ಎರಡು ದಾರಿಗಳಿವೆ. ಒಂದು, ಬುತ್ತಿ ಕಟ್ಟಿಕೊಂಡು ಹೋಗುವುದು: ವಿಡಿಯೊ ಪೂರ್ತಿ ಫೈಲಿನೊಳಗೇ ಕೂರುತ್ತದೆ. ಎರಡನೆಯದು, ಖಾನಾವಳಿಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು. ಇದೇ ಲಿಂಕ್. ರೊಟ್ಟಿ, ಪಲ್ಯ ಎಲ್ಲ ಖಾನಾವಳಿಯಲ್ಲೇ ಇರುತ್ತವೆ, ಕೈಯಲ್ಲಿರುವುದು ಚೀಟಿ ಮಾತ್ರ. ಹಾಗಾದರೆ ನೀರಿನ ಚಿತ್ರ ಹೇಗೆ ಕಂಡಿತು? ಲಿಂಕ್ ಮಾಡಿದಾಗಲೂ ವಿಡಿಯೊದ ಒಂದು ನಿಂತ ಚಿತ್ರವನ್ನು ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಇಟ್ಟುಕೊಳ್ಳುತ್ತದೆ. ಖಾನಾವಳಿಯ ಬೋರ್ಡಿನ ಮೇಲೆ ಊಟದ ತಟ್ಟೆಯ ಚಿತ್ರ ಇರುತ್ತದಲ್ಲ, ಹಾಗೆ. ಎಲ್ಲರೂ ಮೋಸ ಹೋಗುವುದು ಈ ಚಿತ್ರ ನೋಡಿಯೇ.

ನಂಬಿಕೆ ಬರದಿದ್ದರೆ ಪಿಪಿಟಿಯ ಹೊಟ್ಟೆ ಬಿಚ್ಚಿ ನೋಡಬಹುದು. ನನಗೆ ತುಂಬಾ ಇಷ್ಟದ ಕೆಲಸ ಇದು. 2007ರಿಂದ ಬಂದ ಪಿಪಿಟಿಎಕ್ಸ್ ಫೈಲ್ ಎಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಒಂದು ಜಿಪ್ ಗಂಟು, ಅಷ್ಟೇ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲು ಕಾಣುವ ಎರಡು ಅಕ್ಷರ ಪಿ ಮತ್ತು ಕೆ. 1989ರಲ್ಲಿ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲ ಅಕ್ಷರಗಳು ಇವು. ನೀವು ಮಾಡಿದ ಇಂಥ ಪ್ರತಿಯೊಂದು ಸ್ಲೈಡ್ ಶೋದ ತಲೆಯ ಮೇಲೂ ಇವೆ! ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ಬಿಚ್ಚಿ. ಒಳಗೆ ಮೀಡಿಯಾ ಎಂಬ ಫೋಲ್ಡರ್ ಇರುತ್ತದೆ. ಬುತ್ತಿ ಕಟ್ಟಿದ್ದರೆ ವಿಡಿಯೊ ಅಲ್ಲೇ ಸಿಗುತ್ತದೆ. ಲಿಂಕ್ ಆಗಿದ್ದರೆ ಚಿತ್ರ ಮಾತ್ರ. ಪ್ರತಿ ಸ್ಲೈಡಿಗೂ ಒಂದು ಪುಟ್ಟ ಸಂಬಂಧಗಳ ಪಟ್ಟಿ ಇರುತ್ತದೆ. ಅದರಲ್ಲಿ ವಿಡಿಯೊದ ಮುಂದೆ ‘ಹೊರಗಿನದು’ ಎಂಬ ಗುರುತು, ಜೊತೆಗೆ ವಿಳಾಸ. ಮೇಡಂ ಫೈಲಿನಲ್ಲಿ ಆ ವಿಳಾಸ ಹೀಗಿತ್ತು: ಸಿ ಡ್ರೈವ್, ಯೂಸರ್ಸ್, ಅವರ ಮಗನ ಹೆಸರು, ಡೆಸ್ಕ್‌ಟಾಪ್, ಡ್ಯಾಮ್ ವಿಡಿಯೊ. ಶಾಲೆಯ ಕಂಪ್ಯೂಟರಿನಲ್ಲೂ ಸಿ ಡ್ರೈವ್ ಇದೆ, ಡೆಸ್ಕ್‌ಟಾಪ್ ಇದೆ. ಆದರೆ ಅವರ ಮಗ ಅಲ್ಲಿ ಎಲ್ಲಿಂದ ಬರಬೇಕು?

ನಮ್ಮ ಕಡೆ ಗುಳೆ ಹೋದವರ ಮನೆಗೆ ಬರುವ ಕಾಗದದ ಕತೆಯೂ ಹೀಗೇ. ವಿಳಾಸ ಸರಿ, ಓಣಿ ಸರಿ, ಮನೆಯೂ ನಿಂತಿದೆ. ಬಾಗಿಲಿಗೆ ಬೀಗ. ಜನ ಬೆಂಗಳೂರಿನಲ್ಲಿದ್ದಾರೆ. ಅಂಚೆಯವರ ತಪ್ಪು ಇದರಲ್ಲಿ ಏನೂ ಇಲ್ಲ. ಪ್ರೊಜೆಕ್ಟರಿನದೂ ಅಷ್ಟೇ. ಪೆನ್ ಡ್ರೈವ್‌ನಿಂದಲೇ ಲಿಂಕ್ ಮಾಡಿದರೆ ಇನ್ನೊಂದು ತೊಂದರೆ: ಅದು ಒಂದು ಕಂಪ್ಯೂಟರಿನಲ್ಲಿ ಇ ಡ್ರೈವ್, ಮತ್ತೊಂದರಲ್ಲಿ ಎಫ್. ಮನೆ ಅದೇ, ಊರಿಂದ ಊರಿಗೆ ಮನೆ ನಂಬರ್ ಬದಲಾದ ಹಾಗೆ.

ಗುರುತು ಒಂದು ಕಡೆ, ಗುರುತಿನ ಹಿಂದಿನ ವಸ್ತು ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಲ್ಲುಗಳೇ ಸಾಕ್ಷಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳಲ್ಲಿ ರಾಜನ ಹೆಸರಿಲ್ಲ, ‘ದೇವಾನಾಂಪಿಯ’ (ದೇವರಿಗೆ ಪ್ರಿಯನಾದವ) ಎಂಬ ಬಿರುದು ಮಾತ್ರ ಇದೆ. ಉತ್ತರದ ಹೆಚ್ಚಿನ ಶಾಸನಗಳಲ್ಲೂ ಬಿರುದುಗಳೇ. 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲು ಆ ಬಿರುದು ಸಿಂಹಳದ ತಿಸ್ಸ ರಾಜನದು ಎಂದುಕೊಂಡರು. ತಿಸ್ಸನಿಗೂ ಅದೇ ಬಿರುದು ಇತ್ತಲ್ವಾ! ಲಿಂಕ್ ಬೇರೆ ಫೈಲನ್ನು ತೆರೆದುಬಿಟ್ಟಿತು. ಸಿಂಹಳದ ಹಳೆಯ ಗ್ರಂಥಗಳನ್ನು ನೋಡಿ, ಈತ ಅಶೋಕ ಎಂದು ತೋರಿಸಿದವರು ಜಾರ್ಜ್ ಟರ್ನರ್. ಆದರೆ ಬಿರುದು ಮತ್ತು ಹೆಸರು ಒಟ್ಟಿಗೇ ಕೆತ್ತಿದ ಕಲ್ಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಸಿಕ್ಕಿತು. ಮಸ್ಕಿಯ ಕಲ್ಲು ಬುತ್ತಿ ಕಟ್ಟಿಕೊಂಡು ಬಂದ ಫೈಲು. ಬೇರೆಲ್ಲೂ ಹುಡುಕಬೇಕಾಗಿಲ್ಲ.

ಹಾಗಾದರೆ ಲಿಂಕ್ ಯಾಕೆ ಬೇಕು? 1987ರಲ್ಲಿ ಪವರ್‌ಪಾಯಿಂಟ್ ಬಂದಾಗ ವಿಡಿಯೊದ ಮಾತೇ ಇರಲಿಲ್ಲ. ಮುಂದೆ ವಿಡಿಯೊ ಬಂದ ಮೇಲೂ 2007ರ ಆವೃತ್ತಿಯವರೆಗೆ ಲಿಂಕ್ ಮಾಡುವುದೇ ವಾಡಿಕೆಯಾಗಿತ್ತು. 2010ರಿಂದ ಸುಮ್ನೆ ಇನ್ಸರ್ಟ್ ಒತ್ತಿದರೆ ವಿಡಿಯೊ ಒಳಗೇ ಕೂರುತ್ತದೆ. ಆ ಬಟನ್ನಿನ ಪಕ್ಕದ ಬಾಣ ಒತ್ತಿ ‘ಲಿಂಕ್ ಟು ಫೈಲ್’ ಆರಿಸಿದರೆ ಮಾತ್ರ ಹೊರಗೆ. ಮೇಡಂ ಮಗ ಅದನ್ನೇ ಆರಿಸಿದ್ದ, ಫೈಲ್ ಭಾರ ಆಗಬಾರದು ಎಂದು. ಆ ಯೋಚನೆ ತಪ್ಪಲ್ಲ. ದೊಡ್ಡ ವಿಡಿಯೊ ಇದ್ದಾಗ, ಅಥವಾ ಒಂದೇ ವಿಡಿಯೊ ಹತ್ತು ಪಿಪಿಟಿಗಳಲ್ಲಿ ಬೇಕಾದಾಗ ಲಿಂಕ್ ಒಳ್ಳೆಯದೇ. ಆದರೆ ಮೊದಲು ಒಂದು ಫೋಲ್ಡರ್ ಮಾಡಿ, ಪಿಪಿಟಿಯನ್ನು ಅದರಲ್ಲಿ ಸೇವ್ ಮಾಡಿ, ವಿಡಿಯೊವನ್ನೂ ಅಲ್ಲಿಗೇ ಕಾಪಿ ಮಾಡಿ, ಆಮೇಲೆ ಲಿಂಕ್ ಮಾಡಬೇಕು. ಆಗ ಉದ್ದದ ವಿಳಾಸದ ಬದಲು ಬರೀ ಫೈಲಿನ ಹೆಸರು ಉಳಿಯುತ್ತದೆ, ‘ಪಕ್ಕದ ಮನೆ’ ಎಂದ ಹಾಗೆ. ಇಡೀ ಫೋಲ್ಡರನ್ನು ಎಲ್ಲಿಗೆ ಒಯ್ದರೂ ಪಕ್ಕದ ಮನೆ ಪಕ್ಕದಲ್ಲೇ ಇರುತ್ತದೆ.

ಒಯ್ಯುವಾಗ ಫೋಲ್ಡರನ್ನು ಜಿಪ್ ಮಾಡಿದ್ದರೆ, ಬಿಚ್ಚದೆ ಪಿಪಿಟಿಯ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ವಿಂಡೋಸ್ ಆ ಒಂದು ಫೈಲನ್ನು ಮಾತ್ರ ಎಲ್ಲೋ ತಾತ್ಕಾಲಿಕ ಜಾಗಕ್ಕೆ ಎಳೆದು ತೆರೆಯುತ್ತದೆ, ವಿಡಿಯೊ ಗಂಟಿನಲ್ಲೇ ಉಳಿಯುತ್ತದೆ. ವಿಡಿಯೊದ ಹೆಸರನ್ನೂ ಮುಟ್ಟಬೇಡಿ. ಡೌನ್‌ಲೋಡ್ ಆಗುವಾಗ ಕೊನೆಗೆ ಒಂದು ಅಂಕಿ ಅಂಟಿಕೊಂಡರೂ ಸಾಕು, ಕೊಂಡಿ ಕಡಿಯಿತು.

ಈಗಾಗಲೇ ಲಿಂಕ್ ಆಗಿದ್ದರೆ, ವಿಡಿಯೊ ಇರುವ ಕಂಪ್ಯೂಟರಿನಲ್ಲೇ ಪಿಪಿಟಿ ತೆರೆದು ಫೈಲ್ ಮೆನುವಿನ ‘ಇನ್ಫೋ’ಗೆ ಹೋಗಿ. ಅಲ್ಲಿ ಲಿಂಕ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ‘ಬ್ರೇಕ್ ಲಿಂಕ್’ ಒತ್ತಿದರೆ ವಿಡಿಯೊ ಒಳಗೆ ಬಂದು ಕೂರುತ್ತದೆ. ಹೆಸರು ಕೇಳಿ ಹೆದರಬೇಡಿ. ಆಮೇಲೆ ಫೈಲಿನ ತೂಕ ನೋಡಿ. 180 ಎಂಬಿ ವಿಡಿಯೊ ಸೇರಿಸಿದ ಪಿಪಿಟಿ ಇನ್ನೂ 2 ಎಂಬಿ ಇದ್ದರೆ ಬುತ್ತಿ ಖಾಲಿ ಎಂದೇ ಅರ್ಥ.

ಅವತ್ತು ಮೇಡಂ ಮಗನಿಗೆ ಫೋನ್ ಮಾಡಿದರು. ಅವನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿದ. ದಾರಿಯಲ್ಲಿ ಅದರ ಹೆಸರು ಬದಲಾಗಿತ್ತು, ತೂಕವೂ ಇಳಿದು ಸ್ವಲ್ಪ ಮಸುಕಾಗಿತ್ತು. ಹಳೆಯದನ್ನು ಅಳಿಸಿ, ಈ ಸಲ ಫೈಲಿನ ಒಳಗೇ ಸೇರಿಸಿದೆವು. ಚಹಾ ಮುಗಿಯುವಷ್ಟರಲ್ಲಿ ನೀರು ಓಡತೊಡಗಿತು. 33 ಗೇಟುಗಳ ಸಾಲಿನಲ್ಲಿ ಆ ಒಂದು ಖಾಲಿ ಕಿಂಡಿ. ಹಿಂದಿನ ಸಾಲಿನ ಹಿರಿಯ ಮೇಷ್ಟ್ರು ಎದ್ದು ಪರದೆಯ ಹತ್ತಿರ ಬಂದರು.

“ಇನ್ನೊಮ್ಮೆ ಹಚ್ರಿ ಮೇಡಂ. ಚೈನ್ ಎಲ್ಲಿ ಹರಿದೈತಿ ಅಂತ ನೋಡೂಣು.”