ವೊಯ್ಚೆಖ್: ಒಬ್ಬ ಸಂತ, ಎರಡು ಹೆಸರು

ಪೋಲೆಂಡಿನ ಹಳೆಯ ಚರ್ಚ್ ದಾಖಲೆಗಳಲ್ಲಿ ವಂಶದ ಮೂಲ ಹುಡುಕುವವರಿಗೆ ಒಂದು ಹೆಸರು ಬಹುಕಾಲದಿಂದ ತೊಡಕಾಗಿದೆ. ಮನೆಯಲ್ಲಿ ವೊಯ್ಚೆಖ್ ಎಂದೇ ಕರೆಸಿಕೊಂಡಿದ್ದ ಹಿರಿಯರು ಲ್ಯಾಟಿನ್ ದಾಖಲೆಯಲ್ಲಿ ಅಡಾಲ್ಬರ್ಟಸ್ ಎಂದೋ ಆಲ್ಬರ್ಟಸ್ ಎಂದೋ ನಮೂದಾಗಿರುತ್ತಾರೆ.

ಈ ಎರಡು ಹೆಸರುಗಳಿಗೆ ಅರ್ಥದಲ್ಲಿ ಯಾವ ನಂಟೂ ಇಲ್ಲ. ವೊಯ್ಚೆಖ್ ಅಪ್ಪಟ ಸ್ಲಾವಿಕ್ ಜೋಡುಪದ. ಮೊದಲರ್ಧದಲ್ಲಿ ಯೋಧನಿದ್ದಾನೆ, ಉಳಿದರ್ಧದಲ್ಲಿ ಸಂತೋಷವಿದೆ. ಅಡಾಲ್ಬರ್ಟ್ ಜರ್ಮನ್ ಮೂಲದ್ದು. ಇವನ್ನು ಬೆಸೆದದ್ದು ಒಬ್ಬ ವ್ಯಕ್ತಿಯ ಬಾಳು. ಸುಮಾರು 956ರಲ್ಲಿ ಇಂದಿನ ಚೆಕ್ ನಾಡಿನ ಭಾಗವಾದ ಬೊಹೀಮಿಯಾದ ಲಿಬಿತ್ಸೆಯಲ್ಲಿ ಹುಟ್ಟಿದ ವೊಯ್ಚೆಖ್, ತನಗೆ ದೃಢೀಕರಣ ಸಂಸ್ಕಾರ (ದೀಕ್ಷಾಸ್ನಾನದ ನಂತರ ನಂಬಿಕೆಯನ್ನು ಗಟ್ಟಿಗೊಳಿಸುವ ಕ್ರೈಸ್ತ ವಿಧಿ) ನೀಡಿದ ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ಅಡಾಲ್ಬರ್ಟ್ ಅವರ ಹೆಸರನ್ನೇ ತನ್ನದಾಗಿಸಿಕೊಂಡ. ಮುಂದೆ ಪ್ರಾಗ್‌ನ ಬಿಷಪ್ ಆದ ಆತ, ಬಾಲ್ಟಿಕ್ ತೀರದ ಪ್ರಷ್ಯನ್ ಜನರ ನಡುವೆ ಧರ್ಮಪ್ರಚಾರಕ್ಕೆ ಹೋಗಿ 997ರ ಏಪ್ರಿಲ್ 23ರಂದು ಹತನಾದ. ಪೋಲೆಂಡಿನ ದೊರೆ ಬೊಲೆಸ್ವಾಫ್ ಆ ದೇಹವನ್ನು ಅದರ ತೂಕದಷ್ಟು ಚಿನ್ನ ಕೊಟ್ಟು ಬಿಡಿಸಿಕೊಂಡನೆಂಬುದು ಪ್ರತೀತಿ. 999ರೊಳಗೆ ವೊಯ್ಚೆಖ್‌ಗೆ ಸಂತಪದವಿ ದೊರೆಯಿತು. 1000ದಲ್ಲಿ ಚಕ್ರವರ್ತಿ ಮೂರನೆಯ ಒಟ್ಟೊ ಪೋಲೆಂಡಿನ ಗ್ನೆಜ್ನೊದಲ್ಲಿದ್ದ ಆ ಸಂತನ ಸಮಾಧಿಗೆ ಯಾತ್ರೆ ಬಂದ. ಆ ಊರಿನ ಕೆಥೆಡ್ರಲ್‌ನ ಕಂಚಿನ ಬಾಗಿಲುಗಳ 18 ಫಲಕಗಳಲ್ಲಿ ಹುಟ್ಟಿನಿಂದ ಸಮಾಧಿಯವರೆಗಿನ ಕಥೆಯನ್ನು 12ನೆಯ ಶತಮಾನದ ಶಿಲ್ಪಿಗಳು ಕಂಡರಿಸಿದ್ದಾರೆ. ದೇಹವನ್ನು ಬಿಡಿಸಿಕೊಂಡ ಪ್ರಸಂಗವೂ ಅಲ್ಲಿದೆ.

16ನೆಯ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚ್ ನಡೆಸಿದ ಟ್ರೆಂಟ್ ಧರ್ಮಸಭೆಯ ಬಳಿಕ ಸಂತರ ಹೆಸರಿಡುವ ರೂಢಿ ಬಿಗಿಯಾದಾಗ ಎಷ್ಟೋ ಸ್ಲಾವಿಕ್ ಹೆಸರುಗಳು ಬಳಕೆ ತಪ್ಪಿದವು. ಸ್ತಾನಿಸ್ವಾಫ್, ಕಾಜಿಮಿಯೆಜ್‌ಗಳಂತೆ ವೊಯ್ಚೆಖ್ ಕೂಡ ತನ್ನದೇ ಸಂತನಿದ್ದುದರಿಂದ ಉಳಿದುಕೊಂಡಿತು.

ತೊಡಕು ಬಲಿತದ್ದು ಪೋಲೆಂಡ್ ಪ್ರಷ್ಯಾ, ರಷ್ಯಾ, ಆಸ್ಟ್ರಿಯಾ ಎಂಬ ಮೂರು ಸಾಮ್ರಾಜ್ಯಗಳ ಪಾಲಾಗಿದ್ದ ಕಾಲದಲ್ಲಿ. ಪ್ರಷ್ಯಾದ ಭಾಗದಲ್ಲಿ 1874ರಿಂದ ಸರ್ಕಾರಿ ಜನನ-ಮರಣ ದಾಖಲೆಗಳು ಜರ್ಮನ್‌ನಲ್ಲಿದ್ದು, ವೊಯ್ಚೆಖ್ ಅಲ್ಲಿ ಅಡಾಲ್ಬರ್ಟ್ ಆಗಬಹುದಿತ್ತು. ರಷ್ಯಾದ ಭಾಗದಲ್ಲಿ 1868ರಿಂದ ದಾಖಲೆಯ ಭಾಷೆ ರಷ್ಯನ್ ಆದರೂ, ಲಿಪಿ ಬದಲಾಯಿತೇ ಹೊರತು ಹೆಸರು ಬಹುಮಟ್ಟಿಗೆ ಗುರುತು ಸಿಗುವಂತೆಯೇ ಇತ್ತು. ಅಮೆರಿಕಕ್ಕೆ ವಲಸೆ ಹೋದವರಲ್ಲಿ ಅನೇಕರು ಆಲ್ಬರ್ಟ್ ಆದರು. ದಾಖಲೆ ಬರೆದವರು ತಮ್ಮ ಕಾಲದ ಪದ್ಧತಿಯನ್ನು ಪಾಲಿಸಿದ್ದರು, ನಿಜ. ಆದರೆ ತಾಯಿ ತೊಟ್ಟಿಲಲ್ಲಿ ಕರೆದ ಹೆಸರನ್ನು ಪಕ್ಕದಲ್ಲಿ ಬರೆದಿಡಲು ಒಂದು ಪದದ ಜಾಗ ಸಾಕಿತ್ತು. ಅದಿಲ್ಲದೆ ಮೊಮ್ಮಕ್ಕಳು ಇಂದು ಒಬ್ಬನೇ ಮನುಷ್ಯನನ್ನು ಮೂರು ಹೆಸರುಗಳಡಿ ಹುಡುಕಬೇಕಾಗಿದೆ.

ಎರಡನೆಯ ಮಹಾಯುದ್ಧದಲ್ಲಿ ಪೋಲಿಷ್ ಸೈನಿಕರು ಇರಾನ್‌ನಲ್ಲಿ ಸಾಕಿಕೊಂಡ ಕರಡಿಮರಿಗೆ ಈ ಹೆಸರಿನ ಮುದ್ದುರೂಪವಾದ ವೊಯ್ತೆಕ್ ಎಂದೇ ಹೆಸರಿಟ್ಟರು; ಅದು ಎಡಿನ್‌ಬರೋ ಮೃಗಾಲಯದಲ್ಲಿ 1963ರವರೆಗೆ ಬದುಕಿತ್ತು. ಯುದ್ಧಾನಂತರದ ದಶಕಗಳಲ್ಲಿ ಹೆಸರು ಮತ್ತೆ ಬಹಳ ಜನಪ್ರಿಯವಾಯಿತು. ಹಾಗಾಗಿಯೇ ಇಂದಿನ ವೊಯ್ಚೆಖ್‌ಗಳಲ್ಲಿ ನಡುವಯಸ್ಸಿನವರೂ ಹಿರಿಯರೂ ಹೆಚ್ಚು. ಈಗಿನ ತಂದೆತಾಯಂದಿರು ಆಂತೋನಿ, ಫ್ರಾಂಚಿಶೆಕ್, ಸ್ತಾನಿಸ್ವಾಫ್‌ನಂಥ ಅಜ್ಜ-ಮುತ್ತಜ್ಜಂದಿರ ಕಾಲದ ಹೆಸರುಗಳನ್ನು ಒಲವಿನಿಂದ ಮರಳಿ ತಂದಿದ್ದಾರೆ. ತಮ್ಮ ತಂದೆಯ ಪೀಳಿಗೆಯದೆನಿಸುವ ವೊಯ್ಚೆಖ್‌ಗೆ ಮಾತ್ರ ಆ ಒಲವು ಇನ್ನೂ ಅಷ್ಟಾಗಿ ದಕ್ಕಿಲ್ಲ.